ರೆಕ್ಕೆ ನೋಡಿ, ಬಣ್ಣ ನೋಡಬೇಡಿ: ಬ್ರೂಡ್‌ಸ್ಟಾಕ್ ಸ್ಟೀಲ್‌ಹೆಡ್ ಗುರುತು ಹಿಡಿಯುವ ಬಗೆ

(ಪೋರ್ಟ್‌ಲ್ಯಾಂಡ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಈಚೆಗೆ ಗಾಳ ಹಿಡಿದವರಿಗಾಗಿ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯಾವ ರಾಡು ಕೊಳ್ಳಬೇಕು, ಗಾಳಕ್ಕೆ ಏನು ಸಿಕ್ಕಿಸಬೇಕು ಅನ್ನೋದನ್ನು ಇವತ್ತು ನಾನು ಹೇಳುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲೇ ಕೂತಿದ್ದಾರೆ. ನನ್ನ ವಿಷಯ ಶುರುವಾಗುವುದು ಅದೆಲ್ಲ ಮುಗಿದ ಮೇಲೆ. ಮೀನು ಕಚ್ಚಿದೆ. ಹೊಳೆ ತುಂಬ ಓಡಾಡಿಸಿದೆ. ಈಗ ಸುಸ್ತಾಗಿ ಮೊಣಕಾಲುದ್ದ ನೀರಿಗೆ ಬಂದು ಪಕ್ಕಕ್ಕೆ ವಾಲಿದೆ. ಜೊತೆಗಿದ್ದವನು ಕೇಳುತ್ತಾನೆ: "ಇಟ್ಕೋಬಹುದಾ, ಬಿಡಬೇಕಾ?"

ಸಾಮಾನ್ಯವಾಗಿ ಹ್ಯಾಚರಿಯಲ್ಲಿ, ಅಂದರೆ ಮರಿ ಸಾಕುವ ಕೇಂದ್ರದಲ್ಲಿ, ಹುಟ್ಟಿದ್ದಾದರೆ ಇಟ್ಟುಕೊಳ್ಳಬಹುದು; ಹೊಳೆಯಲ್ಲೇ ಹುಟ್ಟಿದ ಕಾಡು ಮೀನಾದರೆ ಬಿಡಬೇಕು. ಯಾವುದು ಅನ್ನುವ ಉತ್ತರ ಮೀನಿನ ಮೈಮೇಲೇ ಇದೆ. ಆದರೆ ನಮ್ಮ ಕಣ್ಣು ಮೊದಲು ಹೋಗುವ ಜಾಗದಲ್ಲಿ ಇಲ್ಲ. ನಾವು ಬಣ್ಣ ನೋಡುತ್ತೇವೆ. ಗಾತ್ರ ನೋಡುತ್ತೇವೆ. ಎಷ್ಟು ಜೋರಾಗಿ ಎಳೆಯಿತು ಅಂತ ಮಾತಾಡುತ್ತೇವೆ. ಇವು ಯಾವುದೂ ಸರಿಯಾದ ಸಾಕ್ಷಿ ಅಲ್ಲ. ಬ್ರೂಡ್‌ಸ್ಟಾಕ್ ಮೀನಿನ, ಅಂದರೆ ಕಾಡು ಮೀನಿಗೆ ಹ್ಯಾಚರಿಯಲ್ಲಿ ಹುಟ್ಟಿದ ಮೀನಿನ, ವಿಷಯದಲ್ಲಂತೂ ಇವು ನೇರವಾಗಿ ದಾರಿ ತಪ್ಪಿಸುತ್ತವೆ.

ಮೀನಿನ ಪರಿಚಯ ಬೇಗ ಮುಗಿಸುತ್ತೇನೆ. ರೇನ್‌ಬೋ ಟ್ರೌಟ್ ಮತ್ತು ಸ್ಟೀಲ್‌ಹೆಡ್ ಎರಡೂ ಒಂದೇ ಜಾತಿ, ಆಂಕೊರಿಂಕಸ್ ಮೈಕಿಸ್. ಊಟಿ ಕಡೆ, ಮುನ್ನಾರ್ ಕಡೆ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಟ್ರೌಟ್ ನೋಡಿದ್ದೀರಲ್ಲ, ಅದೇ ಜಾತಿ. ಹೊಳೆಯಲ್ಲೇ ಉಳಿದರೆ ರೇನ್‌ಬೋ. ಕಡಲಿಗೆ ಹೋಗಿ, ಒಂದರಿಂದ ಮೂರು ವರ್ಷ ತಿಂದು ಕೊಬ್ಬಿ, ಮೊಟ್ಟೆ ಇಡಲು ಹೊಳೆಗೆ ವಾಪಸ್ ಬಂದರೆ ಸ್ಟೀಲ್‌ಹೆಡ್. ನಮ್ಮ ಹೊಳೆಗಳಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಕಿಲೋ ತೂಗುತ್ತದೆ. ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ. ಸ್ಟೀಲ್‌ಹೆಡ್ ಸಾಯಲೇಬೇಕು ಅಂತಿಲ್ಲ. ಕೆಲವು ಮತ್ತೆ ಕಡಲಿಗೆ ಇಳಿದು, ಇನ್ನೊಂದು ಸಲ ಬಂದು ಮೊಟ್ಟೆ ಇಡುತ್ತವೆ. ಈ ಒಂದು ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ಹ್ಯಾಚರಿ. ಅಣೆಕಟ್ಟುಗಳು ಮೊಟ್ಟೆ ಇಡುವ ಜಾಗಕ್ಕೆ ಹೋಗುವ ದಾರಿ ಮುಚ್ಚಿದವು. ಮರ ಕಡಿದು ಹೊಳೆಗಳು ಕೆಟ್ಟವು. ಮೀನು ಕಡಿಮೆಯಾಯಿತು. ಅದಕ್ಕೆ ಪರಿಹಾರ ಅಂತ ಸಿಮೆಂಟಿನ ಉದ್ದುದ್ದ ತೊಟ್ಟಿಗಳಲ್ಲಿ ಮರಿ ಸಾಕಿ ಹೊಳೆಗೆ ಬಿಡುವ ಕೆಲಸ ಬೆಳೆಯಿತು. ಹೊಳೆಯಲ್ಲಿ ಹುಟ್ಟಿದ ಮರಿ ಕಡಲಿಗೆ ಹೊರಡಲು ಸಾಮಾನ್ಯವಾಗಿ ಎರಡು ವರ್ಷ ತೆಗೆದುಕೊಳ್ಳುತ್ತದೆ. ಹ್ಯಾಚರಿಯಲ್ಲಿ ಹೊಟ್ಟೆ ತುಂಬ ಮೇವು ಸಿಗುವುದರಿಂದ ಒಂದೇ ವರ್ಷಕ್ಕೆ ಇಪ್ಪತ್ತು ಸೆಂಟಿಮೀಟರ್ ಆಸುಪಾಸು ಬೆಳೆದು ತಯಾರಾಗುತ್ತದೆ.

ಹ್ಯಾಚರಿ ಮೀನಿನಲ್ಲಿ ಎರಡು ಬಗೆ ಇದೆ. ಇದನ್ನು ತಿಳಿಯದಿದ್ದರೆ ಮುಂದಿನದೆಲ್ಲ ಗೊಂದಲ.

ಮೊದಲನೆಯದು ಹಳೆಯ ತಳಿ. ವಾಷಿಂಗ್ಟನ್‌ನಲ್ಲಿ ಟಕೋಮಾ ಹತ್ತಿರದ ಚೇಂಬರ್ಸ್ ಕ್ರೀಕ್ ತಳಿ, ವಾಶೂಗಲ್ ಹೊಳೆಯ ಕಡೆಯಿಂದ ಬಂದ ಸ್ಕಮೇನಿಯಾ ತಳಿ, ನಮ್ಮ ಆರೆಗಾನ್ ಕರಾವಳಿಯ ಆಲ್ಸಿ ತಳಿ. ಒಂದು ಹೊಳೆಯ ಮೀನಿನಿಂದ ಶುರು ಮಾಡಿ, ಹ್ಯಾಚರಿಗೆ ವಾಪಸ್ ಬಂದ ಮೀನನ್ನೇ ಮತ್ತೆ ಮತ್ತೆ ತಂದೆತಾಯಿ ಮಾಡಿ, ದಶಕಗಳ ಕಾಲ ಹಲವು ಹೊಳೆಗಳಿಗೆ ಹಂಚಿದ ಮೀನು ಇವು. ಮೊಟ್ಟೆ ತೆಗೆಯುವವರಿಗೆ ಬೇಗ ಬಂದ ಮೀನೇ ಅನುಕೂಲ. ಬೇಗ ಮೊಟ್ಟೆಯೊಡೆದರೆ ಒಂದು ವರ್ಷದಲ್ಲಿ ಮರಿ ದೊಡ್ಡದಾಗುತ್ತದೆ, ಅಲ್ವಾ? ಹೀಗೆ ಬೇಗ ಬಂದವುಗಳನ್ನೇ ಆರಿಸಿ ಆರಿಸಿ ಚಳಿಗಾಲದ ಹ್ಯಾಚರಿ ಮೀನು ಡಿಸೆಂಬರ್, ಜನವರಿಗೇ ಬಂದು ಮುಗಿಯುವ ಹಾಗಾಯಿತು.

ಎರಡನೆಯದು ಬ್ರೂಡ್‌ಸ್ಟಾಕ್ ಮೀನು. ಬ್ರೂಡ್‌ಸ್ಟಾಕ್ ಅಂದರೆ ಮರಿ ತೆಗೆಯಲು ಇಟ್ಟುಕೊಂಡ ತಂದೆತಾಯಿ ಮೀನು ಅಷ್ಟೇ. ಆದರೆ ಇಲ್ಲಿನ ಹೊಳೆದಂಡೆಯಲ್ಲಿ ಯಾರಾದರೂ "ಬ್ರೂಡ್‌ಸ್ಟಾಕ್ ಮೀನು ಹಿಡಿದೆ" ಅಂದರೆ, ಅದೇ ಹೊಳೆಯ ಕಾಡು ಮೀನಿಗೆ ಹ್ಯಾಚರಿಯಲ್ಲಿ ಹುಟ್ಟಿದ ಮರಿ, ಕಡಲಿಗೆ ಹೋಗಿ ಬೆಳೆದು ವಾಪಸ್ ಬಂದಿದೆ ಅಂತ. ಪ್ರತಿ ವರ್ಷ ಹೊಳೆಯಿಂದ ಹೊಸದಾಗಿ ಕಾಡು ಮೀನು ತಂದು ಮರಿ ತೆಗೆಯುತ್ತಾರೆ. ನೆಸ್ಟಕ್ಕ, ವಿಲ್ಸನ್, ಆಲ್ಸಿ, ಸ್ಯಾಂಡಿ ಹೊಳೆಗಳಲ್ಲಿ ಈ ಕೆಲಸ ನಡೆದಿದೆ. ಗಡಿಯಾಚೆ ಬ್ರಿಟಿಷ್ ಕೊಲಂಬಿಯಾದ ಚಿಲಿವ್ಯಾಕ್ ಹೊಳೆಯಲ್ಲೂ ಇದೇ ಪದ್ಧತಿ. ಅದರ ಕೆಳಭಾಗವನ್ನು ವೆಡ್ಡರ್ ಅನ್ನುತ್ತಾರೆ.

ಈ ತಂದೆತಾಯಿ ಮೀನು ಬರುವುದು ಹೇಗೆ ಅನ್ನೋದೇ ಒಂದು ಸ್ವಾರಸ್ಯ. ಕಾಡು ಮೀನು ಹ್ಯಾಚರಿಯ ಏಣಿ (ಮೀನು ಹತ್ತಿ ಬರಲು ಕಟ್ಟಿದ ನೀರಿನ ಮೆಟ್ಟಿಲು) ಹತ್ತಿ ತಾನಾಗಿ ಬರುವುದಿಲ್ಲ. ಅದು ತನ್ನ ಪಾಡಿಗೆ ತಾನು ಹುಟ್ಟಿದ ಹಳ್ಳಕ್ಕೆ ಹೋಗುತ್ತದೆ. ಹಾಗಾಗಿ ಅದನ್ನು ಹಿಡಿದು ಕೊಡುವವರು ಗಾಳದವರೇ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಅನುಮತಿ ಪಡೆದ ಗೈಡುಗಳು, ಸ್ವಯಂಸೇವಕರು ದೋಣಿಯಲ್ಲಿ ಗಾಳಿ ಆಡಿಸುವ ನೀರಿನ ತೊಟ್ಟಿ ಇಟ್ಟುಕೊಂಡಿರುತ್ತಾರೆ. ದಡದಿಂದ ಹಿಡಿಯುವವರ ಹತ್ತಿರ ದಪ್ಪ ಪ್ಲಾಸ್ಟಿಕ್ ಪೈಪು ಇರುತ್ತದೆ. ಮೀನು ಮಲಗುವಷ್ಟು ಉದ್ದ, ನೀರು ಹರಿದು ಹೋಗಲು ತೂತು, ಎರಡೂ ಕಡೆ ಮುಚ್ಚಳ. ಮೀನಿನ ತಲೆ ಹರಿವಿಗೆ ಎದುರಾಗಿ ಇರುವಂತೆ ಒಳಗೆ ಬಿಟ್ಟು, ಪೈಪನ್ನು ನೀರಲ್ಲೇ ಹಗ್ಗದಿಂದ ಕಟ್ಟುತ್ತಾರೆ. ಒಳಗೆ ಕತ್ತಲು, ಮುಂದೆ ಹರಿಯುವ ನೀರು. ಅಲ್ಲಿಯವರೆಗೆ ಒದ್ದಾಡುತ್ತಿದ್ದ ಮೀನು ತಟ್ಟನೆ ಸುಮ್ಮನಾಗಿಬಿಡುತ್ತದೆ. ಆಮೇಲೆ ಹ್ಯಾಚರಿಯ ಗಾಡಿ ಬಂದು ಒಯ್ಯುತ್ತದೆ. ಐಡಾಹೊದ ಸೌತ್ ಫೋರ್ಕ್ ಕ್ಲಿಯರ್‌ವಾಟರ್ ಹೊಳೆಯಲ್ಲೂ ಹೀಗೆ ಗಾಳದವರೇ ಪೈಪಿಗೆ ಹಾಕಿ ಕೊಡುವ ಏರ್ಪಾಡು ಇದೆ. ಹೊಳೆದಂಡೆಯಲ್ಲಿ ಅಂಥ ಪೈಪು ಕಟ್ಟಿದ್ದು ಕಂಡರೆ ದಯವಿಟ್ಟು ಮುಚ್ಚಳ ತೆಗೆದು ಇಣುಕಬೇಡಿ.

ಹ್ಯಾಚರಿಗೆ ಬಂದ ಹೆಣ್ಣು ಮೀನು ಕೆಲವೊಮ್ಮೆ ತಕ್ಷಣ ಹಣ್ಣಾಗಿರುವುದಿಲ್ಲ. ವಾರಗಟ್ಟಲೆ ಕಾಯುತ್ತಾರೆ. ಹೊಟ್ಟೆ ಮುಟ್ಟಿ, ಮೊಟ್ಟೆ ಸಡಿಲವಾಗಿದೆಯಾ ಅಂತ ನೋಡುತ್ತಿರುತ್ತಾರೆ. ಸಾಲ್ಮನ್ ಆದರೆ ಕೊಂದು ಹೊಟ್ಟೆ ಸೀಳುತ್ತಾರೆ, ಹೇಗೂ ಸಾಯುವ ಮೀನು. ಕಾಡು ಸ್ಟೀಲ್‌ಹೆಡ್ಡಿಗೆ ಹಲವು ಕಡೆ ಹಾಗೆ ಮಾಡುವುದಿಲ್ಲ. ಮೀನಿಗೆ ಮಂಪರು ಬರಿಸಿ, ಹೊಟ್ಟೆಯ ಪಕ್ಕದಲ್ಲಿ ಒಂದು ಸೂಜಿ ಚುಚ್ಚಿ, ತೀರಾ ಕಡಿಮೆ ಒತ್ತಡದಲ್ಲಿ ಗಾಳಿ ಬಿಡುತ್ತಾರೆ. ಒಳಗಿನ ಗಾಳಿ ತಳ್ಳಿದಂತೆ ಕಿತ್ತಳೆ ಬಣ್ಣದ ಮೊಟ್ಟೆಗಳು ತಾವಾಗಿ ಸುರಿದು ಬೋಗುಣಿಗೆ ಬೀಳುತ್ತವೆ. ಮೀನು ಬದುಕುತ್ತದೆ. ಚೇತರಿಸಿಕೊಂಡ ಮೇಲೆ ಹೊಳೆಗೆ ವಾಪಸ್ ಬಿಡುತ್ತಾರೆ. ಸ್ಟೀಲ್‌ಹೆಡ್ ಮತ್ತೆ ಕಡಲಿಗೆ ಹೋಗಬಲ್ಲದು ಅಂದೆನಲ್ಲ, ಅದಕ್ಕೇ ಈ ಶ್ರಮ.

ಅಂದರೆ ಬ್ರೂಡ್‌ಸ್ಟಾಕ್ ಹೆಸರಿನಲ್ಲಿ ಎರಡು ಥರದ ಮೀನು ನಿಮ್ಮ ಗಾಳಕ್ಕೆ ಬೀಳಬಹುದು. ಒಂದು, ಹ್ಯಾಚರಿಗೆ ಹೋಗಿ ಮೊಟ್ಟೆ ಕೊಟ್ಟು ಬಂದ ಕಾಡು ಮೀನು. ಇನ್ನೊಂದು, ಅಂಥ ಮೀನಿನ ಮಗ ಅಥವಾ ಮಗಳು. ಮೊದಲನೆಯದನ್ನು ಬಿಡಲೇಬೇಕು. ಎರಡನೆಯದು ನಿಮಗಾಗಿಯೇ ಸಾಕಿದ್ದು. ತಾಯಿ ಮಗಳು ನೋಡಲು ಒಂದೇ ಥರ. ವ್ಯತ್ಯಾಸ ಇರುವುದು ಬೆನ್ನ ಮೇಲಿನ ಒಂದು ಸಣ್ಣ ರೆಕ್ಕೆಯಲ್ಲಿ.

ಬೆನ್ನಿನ ದೊಡ್ಡ ರೆಕ್ಕೆ ಎಲ್ಲರಿಗೂ ಗೊತ್ತು. ಅಲ್ಲಿಂದ ಬಾಲದ ಕಡೆಗೆ ಬನ್ನಿ. ಬಾಲಕ್ಕೆ ಸ್ವಲ್ಪ ಮುಂಚೆ, ನಡುಬೆನ್ನಿನ ಮೇಲೆ ಒಂದು ಪುಟ್ಟ ರೆಕ್ಕೆ ಇರುತ್ತದೆ. ಅದೇ ಅಡಿಪೋಸ್. ಬೇರೆ ರೆಕ್ಕೆಗಳಲ್ಲಿ ಕಡ್ಡಿ ಕಡ್ಡಿಯಾಗಿ ಮೂಳೆ ಇರುತ್ತದೆ, ಇದರಲ್ಲಿ ಇಲ್ಲ. ಮುಟ್ಟಿದರೆ ಕಿವಿಯ ಹಾಲೆಯ ಹಾಗೆ ಮೆತ್ತಗೆ ಬಾಗುತ್ತದೆ. ಹ್ಯಾಚರಿಯಲ್ಲಿ ಮರಿ ಬೆರಳುದ್ದ ಇರುವಾಗಲೇ ಇದನ್ನು ಬುಡಸಮೇತ ಕತ್ತರಿಸುತ್ತಾರೆ. ಬುಡದಿಂದ ತೆಗೆದರೆ ಮತ್ತೆ ಬೆಳೆಯುವುದಿಲ್ಲ.

ಕತ್ತರಿಸುವ ಕೆಲಸ ಒಂದು ಉದ್ದನೆಯ ಟ್ರೇಲರಿನೊಳಗೆ ನಡೆಯುತ್ತದೆ. ಮರಿಗಳನ್ನು ಮಂಪರು ಔಷಧಿಯ ನೀರಿನಲ್ಲಿ ಹಾಕುತ್ತಾರೆ. ಸಾಲಾಗಿ ನಿಂತ ಕೆಲಸಗಾರರು ಒಂದೊಂದೇ ಮರಿ ಎತ್ತಿ, ಸಣ್ಣ ಕತ್ತರಿಯಿಂದ ಚಕ್ ಅಂತ ಕತ್ತರಿಸಿ ಪಕ್ಕದ ಕೊಳವೆಗೆ ಬಿಡುತ್ತಾರೆ. ಈಗ ಯಂತ್ರವೂ ಇದೆ. ಆಟೋಫಿಶ್ ಅನ್ನುತ್ತಾರೆ. ಮರಿ ತಾನೇ ಈಜಿಕೊಂಡು ಒಳಗೆ ಬರುತ್ತದೆ, ಕ್ಯಾಮೆರಾ ಉದ್ದ ಅಳೆಯುತ್ತದೆ, ಅಳತೆಗೆ ತಕ್ಕ ಅಚ್ಚು ಹಿಡಿದುಕೊಳ್ಳುತ್ತದೆ, ರೆಕ್ಕೆ ಕತ್ತರಿಸಿ ಆಚೆ ಬಿಡುತ್ತದೆ. ಮಂಪರು ಔಷಧಿ ಬೇಡ, ಮನುಷ್ಯರ ಕೈ ಸೋಕುವುದಿಲ್ಲ.

ಇಲ್ಲೊಬ್ಬರು ಕೇಳಿದರು, "ಆ ರೆಕ್ಕೆ ಹೋದರೆ ಮೀನಿಗೆ ತೊಂದರೆ ಇಲ್ವಾ?" ಏನೂ ಇಲ್ಲ ಅಂತ ಬಹಳ ಕಾಲ ನಂಬಿದ್ದರು. 2004ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಅಡಿಪೋಸ್ ತೆಗೆದ ಸ್ಟೀಲ್‌ಹೆಡ್ ಮರಿಗಳು ಈಜುವಾಗ ಬಾಲವನ್ನು ಸುಮಾರು 8% ಜಾಸ್ತಿ ಅಗಲಕ್ಕೆ ಬೀಸುತ್ತವೆ ಅಂತ ಕಂಡುಬಂತು. ಅಂದರೆ ಅದು ಸುಮ್ನೆ ಅಂಟಿಕೊಂಡಿರುವ ತುಂಡಲ್ಲ. ಆದರೂ ಹೊಳೆದಂಡೆಯಲ್ಲಿ ಎಲ್ಲರಿಗೂ ಕಾಣುವ, ಜೀವಮಾನ ಪೂರ್ತಿ ಉಳಿಯುವ ಇನ್ನೊಂದು ಗುರುತು ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಇದು ನಡೆದುಕೊಂಡು ಬಂದಿದೆ.

ಈಗ ನೋಡುವ ಕ್ರಮ. ಮೀನು ನೀರಿನಲ್ಲೇ ಇರಲಿ. ರಬ್ಬರಿನ ಕೈಬಲೆ ಇದ್ದರೆ ಅದರೊಳಗೇ ಇರಲಿ. ಕೈ ಒದ್ದೆ ಮಾಡಿಕೊಳ್ಳಿ. ತೋರುಬೆರಳನ್ನು ಬೆನ್ನಿನ ದೊಡ್ಡ ರೆಕ್ಕೆಯ ಹಿಂದೆ ಇಟ್ಟು ಬಾಲದವರೆಗೆ ಮೆಲ್ಲಗೆ ಸವರಿ. ಬೆರಳಿಗೆ ಮೆತ್ತಗಿನ ತುಂಡು ತಾಗಿ ಬಾಗಿದರೆ ರೆಕ್ಕೆ ಇದೆ ಅಂತ. ಏನೂ ತಾಗದೆ ಒಂದು ಕಡೆ ನುಣುಪಾದ ಸಣ್ಣ ಉಬ್ಬು ಮಾತ್ರ ಸಿಕ್ಕಿದರೆ ಅದು ವಾಸಿಯಾದ ಗಾಯದ ಕಲೆ. ಕಣ್ಣಿಗಿಂತ ಬೆರಳನ್ನು ಜಾಸ್ತಿ ನಂಬಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಜನವರಿಯ ಮಬ್ಬು ಬೆಳಕು, ಕದಡಿದ ಹಸಿರು ನೀರು, ಮಳೆ ಹನಿ. ತೆಳ್ಳಗಿನ ಅಡಿಪೋಸ್ ಬೆನ್ನಿಗೆ ಅಂಟಿಕೊಂಡು ಮಲಗಿದ್ದರೆ ಎಷ್ಟು ನೋಡಿದರೂ ಕಾಣುವುದೇ ಇಲ್ಲ.

ನಿಯಮದಲ್ಲಿ "ವಾಸಿಯಾದ ಕಲೆ" ಅನ್ನುವ ಮಾತಿಗೆ ತೂಕ ಇದೆ. ರೆಕ್ಕೆ ಇಲ್ಲ, ಆದರೆ ಅಲ್ಲಿ ಹಸಿ ಗಾಯ ಇದೆ ಅಂದರೆ ಏನರ್ಥ? ಯಾರೋ ಈಗಷ್ಟೇ ಚಾಕು ಹಾಕಿದ್ದಾರೆ ಅಂತ. ಅಂಥವರೂ ಇದ್ದಾರೆ, ಏನು ಮಾಡೋಣ. ಹ್ಯಾಚರಿಯ ಕಲೆ ಮರಿಯಾಗಿದ್ದಾಗ ಆದದ್ದು. ದೊಡ್ಡ ಮೀನಿನಲ್ಲಿ ಅದು ಚರ್ಮದ ಜೊತೆ ಬೆರೆತು ಹೋಗಿರುತ್ತದೆ.

ಅರ್ಧ ರೆಕ್ಕೆ ಇರುವ ಮೀನೂ ಸಿಗುತ್ತದೆ. ಕತ್ತರಿ ಬುಡಕ್ಕೆ ತಾಗದಿದ್ದರೆ ತುಂಡು ಉಳಿದು, ಸೊಟ್ಟಗೆ ಬೆಳೆದುಕೊಂಡಿರುತ್ತದೆ. ಅದು ಹ್ಯಾಚರಿ ಮೀನೇ ಇರಬಹುದು. ಆದರೂ ನಾನು ಬಿಡುತ್ತೇನೆ. ಹೊಳೆದಂಡೆಯಲ್ಲಿ ಅಧಿಕಾರಿ ಎದುರು ವಾದ ಮಾಡುವ ಉತ್ಸಾಹ ನನಗಿಲ್ಲ.

ಅಡಿಪೋಸ್ ಇಲ್ಲ ಅಂದರೆ ಹ್ಯಾಚರಿ ಮೀನು ಅಂತಾಯಿತು. ಆದರೆ ಹಳೆಯ ತಳಿಯೋ ಬ್ರೂಡ್‌ಸ್ಟಾಕೋ? ಅದನ್ನು ಅಡಿಪೋಸ್ ಹೇಳುವುದಿಲ್ಲ. ಒಂದೇ ಹೊಳೆಗೆ ಎರಡೂ ಬಗೆ ಬಿಡುವಾಗ ಹ್ಯಾಚರಿಯವರು ಇನ್ನೊಂದು ಗುರುತು ಹಾಕುತ್ತಾರೆ. ಬಹಳ ಸಲ ಅದು ಮ್ಯಾಕ್ಸಿಲರಿ ಕ್ಲಿಪ್.

ಮೀನಿನ ಬಾಯಿಯನ್ನು ಪಕ್ಕದಿಂದ ನೋಡಿ. ಮೇಲಿನ ತುಟಿಯ ಅಂಚಿನಲ್ಲಿ ಚಪ್ಪಟೆಯಾದ ಒಂದು ಮೂಳೆ ಮೂತಿಯಿಂದ ಹಿಂದಕ್ಕೆ, ಕಣ್ಣಿನ ಕೆಳಗಿನವರೆಗೆ ಹೋಗುತ್ತದೆ. ದೊಡ್ಡ ಮೀನಿನಲ್ಲಿ ಕಣ್ಣನ್ನೂ ದಾಟಿ ಹಿಂದೆ ಹೋಗಿರುತ್ತದೆ. ಅದೇ ಮ್ಯಾಕ್ಸಿಲರಿ. ಅದರ ಹಿಂದಿನ ತುದಿ ಸಹಜವಾಗಿ ದುಂಡಗಿರುತ್ತದೆ. ಮರಿಯಲ್ಲಿ ಇದರ ಹಿಂದಿನ ಭಾಗವನ್ನು ಕತ್ತರಿಸಿದ್ದರೆ, ದೊಡ್ಡದಾದ ಮೇಲೆ ಆ ಕಡೆಯ ಮೂಳೆ ಗಿಡ್ಡವಾಗಿ, ತುದಿ ಮೊಂಡಾಗಿ ಕಾಣುತ್ತದೆ. ಎಡಗಡೆ ಒಂದೋ ಬಲಗಡೆ ಒಂದೋ, ಒಂದು ಕಡೆ ಮಾತ್ರ ಕತ್ತರಿಸುತ್ತಾರೆ. ಆದ್ದರಿಂದ ಎರಡೂ ಕಡೆ ನೋಡಿ ಹೋಲಿಸಿದರೆ ತಿಳಿಯುತ್ತದೆ. ಎಡ ಬಲ ಅನ್ನುವುದು ಮೀನಿನ ಎಡ ಬಲ, ನಿಮ್ಮದಲ್ಲ. ಮೀನಿನ ಬೆನ್ನು ಮೇಲಿದ್ದು, ತಲೆ ನಿಮ್ಮಿಂದ ಆಚೆ ಇದ್ದರೆ ನಿಮ್ಮ ಎಡವೇ ಅದರ ಎಡ.

ಇಲ್ಲಿ ಒಂದು ಪೇಚು ಇದೆ. ಗಾಳ ಸಿಕ್ಕಿಕೊಳ್ಳುವುದೂ ಅಲ್ಲೇ. ಹಿಂದೆ ಯಾರೋ ಹಿಡಿದು ಬಿಟ್ಟ ಮೀನಾದರೆ ಆ ಮೂಳೆ ಹರಿದಿರಬಹುದು, ಮುರಿದು ಜೋತಾಡುತ್ತಿರಬಹುದು. ಅದನ್ನು ಕ್ಲಿಪ್ ಅಂದುಕೊಳ್ಳುವವರು ಬಹಳ. ಹರಿದದ್ದು ಅಂಕುಡೊಂಕು, ಅಂಚು ಚಿಂದಿ. ಕ್ಲಿಪ್ ಮಾಡಿದ್ದರ ಅಂಚು ನಯ, ಚರ್ಮ ಪೂರ್ತಿ ಮುಚ್ಚಿಕೊಂಡಿರುತ್ತದೆ. ಇನ್ನೊಂದು ವಿಷಯ, ಮ್ಯಾಕ್ಸಿಲರಿ ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆಯಬಹುದು. ಹಾಗಾಗಿ ಪೂರ್ತಿ ಗಿಡ್ಡವಾಗಿಲ್ಲದೆ, ತುದಿ ಮಾತ್ರ ಏನೋ ಬೇರೆ ಆಕಾರದಲ್ಲಿದೆ ಅನ್ನಿಸಿದರೂ ಅದು ಕ್ಲಿಪ್ ಇರಬಹುದು.

ಕೆಲವು ಕಡೆ ಮ್ಯಾಕ್ಸಿಲರಿ ಬದಲು ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಯಲ್ಲಿ ಒಂದನ್ನು ತೆಗೆಯುತ್ತಾರೆ. ಅದು ಬುಡದಿಂದ ಹೋಗದಿದ್ದರೆ ಸೊಟ್ಟ ಕಡ್ಡಿಗಳೊಂದಿಗೆ ಮತ್ತೆ ಬರುತ್ತದೆ. ಯಾವ ಹೊಳೆಯಲ್ಲಿ ಯಾವ ಗುರುತು, ಎಡವೋ ಬಲವೋ ಅನ್ನುವುದು ಹೊಳೆಯಿಂದ ಹೊಳೆಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನಾನು ಇಲ್ಲಿ ಪಟ್ಟಿ ಕೊಟ್ಟರೆ ಮುಂದಿನ ಚಳಿಗಾಲಕ್ಕೆ ಅದು ಹಳಸಿರುತ್ತದೆ. ನೀವು ಹೋಗುವ ಹೊಳೆಯ ಹ್ಯಾಚರಿಗೆ ಒಂದು ಫೋನ್ ಮಾಡಿ. ಅಲ್ಲಿನವರು ಖುಷಿಯಿಂದ ಹೇಳುತ್ತಾರೆ, ಕೇಳುವವರೇ ಕಡಿಮೆ.

ಇನ್ನು ದಾರಿ ತಪ್ಪಿಸುವ ಗುರುತುಗಳ ವಿಷಯಕ್ಕೆ ಬರುತ್ತೇನೆ. ಹೊಳೆದಂಡೆಯ ಪಂಡಿತರು ಬಹಳ.

"ಬೆಳ್ಳಿ ಥರ ಹೊಳೀತಿದೆ, ಕಾಡು ಮೀನೇ" ಅನ್ನುತ್ತಾರೆ. ಬೆಳ್ಳಿ ಹೊಳಪು ಹೇಳುವುದು ಮೀನು ಕಡಲಿನಿಂದ ಬಂದು ಎಷ್ಟು ದಿನವಾಯಿತು ಅನ್ನುವುದನ್ನು. ಬಾಲದ ಹತ್ತಿರ ಸಮುದ್ರದ ಹೇನು ಇನ್ನೂ ಅಂಟಿಕೊಂಡಿದ್ದರೆ ಮೀನು ಮೊನ್ನೆ ಮೊನ್ನೆ ಒಳಗೆ ಬಂದಿದೆ ಅಂತ, ಯಾಕೆಂದರೆ ಸಿಹಿನೀರಿನಲ್ಲಿ ಅವು ಕೆಲವೇ ದಿನಗಳಲ್ಲಿ ಬಿದ್ದುಹೋಗುತ್ತವೆ. ಕೆನ್ನೆ ಕೆಂಪಾಗಿ ಮೈ ಕಂದಾಗಿದ್ದರೆ ಬಂದು ಬಹಳ ದಿನವಾಗಿದೆ, ಮೊಟ್ಟೆ ಇಡುವ ಹೊತ್ತು ಹತ್ತಿರ ಅಂತ. ಇದಕ್ಕೂ ಹುಟ್ಟಿದ ಜಾಗಕ್ಕೂ ಸಂಬಂಧ ಇಲ್ಲ.

"ಮಾರ್ಚಿನಲ್ಲಿ ಬಂದ ಮೀನು ಹ್ಯಾಚರಿಯದ್ದಲ್ಲ" ಅನ್ನುವ ಮಾತು ಒಂದು ಕಾಲಕ್ಕೆ ಸುಮಾರಾಗಿ ನಿಜವಾಗಿತ್ತು. ಹಳೆಯ ತಳಿ ಬೇಗ ಬಂದು ಹೋಗುತ್ತಿತ್ತು, ಕಾಡು ಮೀನು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಿಧಾನಕ್ಕೆ ಬರುತ್ತಿತ್ತು. ಬ್ರೂಡ್‌ಸ್ಟಾಕ್ ಮೀನು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ತಂದೆತಾಯಿ ತಡವಾಗಿ ಬಂದವರಾದ್ದರಿಂದ ಮಕ್ಕಳೂ ತಡವಾಗಿ ಬರುತ್ತಾರೆ. ಗಾತ್ರವೂ ಹಾಗೇ. ಕಡಲಿನಲ್ಲಿ ಮೂರು ವರ್ಷ ಕಳೆದು ಬಂದ ಬ್ರೂಡ್‌ಸ್ಟಾಕ್ ಗಂಡು ಮೀನು ನೋಡಿದರೆ ಅದನ್ನು ತೊಟ್ಟಿಯಲ್ಲಿ ಸಾಕಿದ್ದು ಅಂತ ಯಾರೂ ಹೇಳಲಾರರು. ಈ ಮೀನು ಗಾಳಕ್ಕೆ ಜಾಸ್ತಿ ಬೀಳುತ್ತದೆ, ಜಾಸ್ತಿ ಹೋರಾಡುತ್ತದೆ ಅಂತ ಗೈಡುಗಳು ಇಷ್ಟಪಡುವುದೂ ಇದಕ್ಕೇ. ಹೋರಾಟ ನೋಡಿ ಜಾತಕ ಬರೆಯಲು ಮಾತ್ರ ಹೋಗಬೇಡಿ. ನೀರಿನ ತಂಪು, ಮೀನಿನ ವಯಸ್ಸು, ಗಾಳ ಸಿಕ್ಕಿದ ಜಾಗ, ಎಲ್ಲಾ ಸೇರಿ ಅದು ತೀರ್ಮಾನವಾಗುತ್ತದೆ.

ಒಂದು ಗುರುತಿಗೆ ಮಾತ್ರ ಸ್ವಲ್ಪ ಬೆಲೆ ಕೊಡುತ್ತೇನೆ. ಅದು ಬೆನ್ನಿನ ದೊಡ್ಡ ರೆಕ್ಕೆ. ತೊಟ್ಟಿಯಲ್ಲಿ ಮರಿಗಳು ಒತ್ತೊತ್ತಾಗಿ ಇರುತ್ತವೆ, ಒಂದರ ರೆಕ್ಕೆ ಇನ್ನೊಂದು ಕಚ್ಚುತ್ತದೆ. ಹೀಗೆ ಸವೆದ ರೆಕ್ಕೆ ವಾಸಿಯಾದಾಗ ಕಡ್ಡಿಗಳು ಅಲೆ ಅಲೆಯಾಗಿ ಸೊಟ್ಟಗಾಗುತ್ತವೆ, ರೆಕ್ಕೆ ಗಿಡ್ಡವಾಗುತ್ತದೆ. ಎಲ್ಲಾ ಹ್ಯಾಚರಿ ಮೀನಿನ ಅಡಿಪೋಸ್ ಕತ್ತರಿಸುವ ಪದ್ಧತಿ ಬರುವ ಮುಂಚೆ ಈ ರೆಕ್ಕೆಯ ಎತ್ತರ ಅಳೆದೇ ತೀರ್ಮಾನ ಮಾಡುತ್ತಿದ್ದ ಕಡೆಗಳಿದ್ದವು. ಅಡಿಪೋಸ್ ಇದ್ದೂ ಬೆನ್ನಿನ ರೆಕ್ಕೆ ಸೊಟ್ಟಗಿದ್ದರೆ ಅದು ಬಹುಶಃ ಹ್ಯಾಚರಿ ಮೀನು. ಕತ್ತರಿ ತಪ್ಪಿಸಿಕೊಂಡಿರಬಹುದು, ಇಲ್ಲವೇ ಬೇಕಂತಲೇ ಕತ್ತರಿಸದೆ ಬಿಟ್ಟಿರಬಹುದು. ಐಡಾಹೊ ಕಡೆ ಸ್ನೇಕ್ ನದಿಯ ಕೆಲವು ಉಪನದಿಗಳಲ್ಲಿ ಹೀಗೆ ಬೇಕಂತಲೇ ಬಿಡುತ್ತಾರೆ. ಈ ಮೀನು ಗಾಳದವರ ಪಾಲಾಗದೆ ಮೇಲೆ ಹೋಗಿ ಮೊಟ್ಟೆ ಇಡಲಿ ಅನ್ನುವುದು ಉದ್ದೇಶ. ಆದ್ದರಿಂದ ನಿಮ್ಮ ಜಾಣತನ ಏನೇ ಹೇಳಲಿ, ಅಡಿಪೋಸ್ ಇದ್ದರೆ ಬಿಡಿ. ನಿಯಮ ಕೇಳುವುದು ಮೀನು ಎಲ್ಲಿ ಹುಟ್ಟಿತು ಅಂತಲ್ಲ, ರೆಕ್ಕೆ ಇದೆಯಾ ಇಲ್ಲವಾ ಅಂತ. ವಾಷಿಂಗ್ಟನ್‌ನಲ್ಲಿ ಹೀಗೆ ಬಿಡಬೇಕಾದ ಮೀನನ್ನು ಹೊಳೆಯ ನೀರಿನಿಂದ ಪೂರ್ತಿ ಮೇಲೆ ಎತ್ತುವುದೇ ತಪ್ಪು. ಫೋಟೊಗೆ ಅಂತ ಎದೆಗೆ ಅಪ್ಪಿಕೊಂಡು ನಿಲ್ಲುವಂತಿಲ್ಲ.

ಹುರುಪೆಯಿಂದ ತಿಳಿಯುವುದಿಲ್ಲವಾ ಅಂತ ಒಬ್ಬರು ಕೇಳಿದರು. ತಿಳಿಯುತ್ತದೆ, ಆದರೆ ಸೂಕ್ಷ್ಮದರ್ಶಕ ಬೇಕು. ಹುರುಪೆಯ ಮೇಲೆ ಸುತ್ತು ಸುತ್ತಾಗಿ ಗೆರೆಗಳಿರುತ್ತವೆ. ಹ್ಯಾಚರಿಯಲ್ಲಿ ಬೇಗ ಬೆಳೆದ ಮರಿಯ ಗೆರೆಗಳು ದೂರ ದೂರ. ಹೊಳೆಯಲ್ಲಿ ಎರಡು ಚಳಿಗಾಲ ಕಂಡ ಮರಿಯದ್ದು ಒತ್ತೊತ್ತು. ಇದು ಪ್ರಯೋಗಾಲಯದವರ ಕೆಲಸ.

ಕಿವಿರಿನ ಮುಚ್ಚಳದಲ್ಲಿ ದುಂಡಗೆ ತೂತು ಇರುವ ಮೀನು ಸಿಕ್ಕರೆ ಗಾಬರಿ ಬೇಡ. ಅದು ರೋಗ ಅಲ್ಲ. ಹ್ಯಾಚರಿಯ ಬೋನಿಗೆ ಬಂದ ಮೀನು ಹೆಚ್ಚಾದಾಗ, ಅವುಗಳಿಗೆ ಪಂಚ್‌ನಿಂದ ಗುರುತು ಹಾಕಿ, ಲಾರಿಯಲ್ಲಿ ಹೊಳೆಯ ಕೆಳಭಾಗಕ್ಕೆ ಒಯ್ದು ಬಿಡುತ್ತಾರೆ. ಗಾಳದವರಿಗೆ ಎರಡನೇ ಅವಕಾಶ. ಬೆನ್ನಿನ ರೆಕ್ಕೆಯ ಬುಡದಲ್ಲಿ ತೆಳ್ಳಗಿನ ಬಣ್ಣದ ಪ್ಲಾಸ್ಟಿಕ್ ಎಳೆ, ಅದರ ಮೇಲೆ ನಂಬರು ಇದ್ದರೆ ಅದೂ ಅಂಥದೇ ಒಂದು ಗುರುತು. ಮೀನು ಬಿಡುವುದಾದರೆ ಎಳೆ ಕೀಳಬೇಡಿ, ನಂಬರು ಬರೆದುಕೊಂಡು ಇಲಾಖೆಗೆ ತಿಳಿಸಿ. ಕಾಡು ತಾಯಿ ಮೀನನ್ನು ಹ್ಯಾಚರಿಯಿಂದ ವಾಪಸ್ ಬಿಡುವಾಗಲೂ ಹೀಗೆ ಗುರುತು ಹಾಕುವುದುಂಟು. ಹೊಟ್ಟೆ ಜೋಲು, ಮೈ ಬಡಕಲು, ಅಡಿಪೋಸ್ ಹಾಗೇ ಇದೆ, ಜೊತೆಗೆ ತೂತೋ ಎಳೆಯೋ ಇದೆ ಅಂದರೆ ಅದು ಮೊಟ್ಟೆ ಕೊಟ್ಟು ಕಡಲಿಗೆ ಹೊರಟವಳು. ಬೇಗ ಗಾಳ ಬಿಡಿಸಿ ಕಳಿಸಿ. ಇನ್ನು ಮೂತಿಯೊಳಗೆ 1.1 ಮಿಲಿಮೀಟರ್ ಉದ್ದದ ಗುರುತಿನ ತಂತಿ ಚೂರು ಇಟ್ಟಿರುವ ಮೀನುಗಳೂ ಇವೆ. ಅದು ಹೊರಗೆ ಕಾಣುವುದಿಲ್ಲ. ದೋಣಿ ಇಳಿಸುವ ಜಾಗದಲ್ಲಿ ಇಲಾಖೆಯವರು ಯಂತ್ರ ಆಡಿಸಿ ನೋಡುತ್ತಾರೆ, ಕೇಳಿದರೆ ಮೀನಿನ ತಲೆ ಕೊಟ್ಟುಬಿಡಿ.

ಈಗ ಕೊಂಚ ಕಷ್ಟದ ಪ್ರಶ್ನೆ. "ತಂದೆತಾಯಿ ಕಾಡು ಮೀನೇ ಆದ ಮೇಲೆ ಮಕ್ಕಳೂ ಕಾಡು ಮೀನಿನಷ್ಟೇ ಒಳ್ಳೆಯವಲ್ವಾ?" ಗಾಳದವರಿಗೆ ಹೌದು. ಹೊಳೆಗೆ ಅಲ್ಲ. ಇದಕ್ಕೆ ಸಾಕ್ಷಿ ಸಿಕ್ಕಿದ್ದು ನಮ್ಮ ಹತ್ತಿರದ ಹುಡ್ ರಿವರ್‌ನಲ್ಲೇ. ಅಲ್ಲಿನ ಪವರ್‌ಡೇಲ್ ಅಣೆಕಟ್ಟನ್ನು 2010ರಲ್ಲಿ ಕಿತ್ತರು. ಅದಕ್ಕೆ ಮುಂಚೆ ಮೇಲೆ ಹೋಗುವ ಪ್ರತಿ ಸ್ಟೀಲ್‌ಹೆಡ್ಡೂ ಅಲ್ಲಿನ ಬೋನಿನ ಮೂಲಕವೇ ಹೋಗಬೇಕಿತ್ತು. ಪ್ರತಿಯೊಂದರ ಹುರುಪೆ ತೆಗೆದಿಟ್ಟರು. ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯವರು ಅದರ ಡಿಎನ್‌ಎ ನೋಡಿ ಯಾರು ಯಾರ ಮಕ್ಕಳು ಅಂತ ವಂಶವೃಕ್ಷ ಬರೆದರು. 2007ರಲ್ಲಿ ಫಲಿತಾಂಶ ಬಂತು. ಹ್ಯಾಚರಿಯಲ್ಲಿ ಕಳೆದ ಪ್ರತಿ ತಲೆಮಾರಿಗೂ, ಹೊಳೆಯಲ್ಲಿ ಮಕ್ಕಳು ಮಾಡುವ ಶಕ್ತಿ ಸುಮಾರು 40% ಇಳಿಯುತ್ತದೆ. 2012ರಲ್ಲಿ ಅದೇ ಹೊಳೆಯ ಮೀನಿನಿಂದ ಇನ್ನೊಂದು ಸಂಗತಿ ಹೊರಬಂತು. ಒಂದೇ ತಲೆಮಾರಿನಲ್ಲಿ ಮೀನು ತೊಟ್ಟಿಗೆ ಹೊಂದಿಕೊಂಡುಬಿಡುತ್ತದೆ. ತೊಟ್ಟಿಯಲ್ಲಿ ಯಾವುದರ ಮಕ್ಕಳು ಚೆನ್ನಾಗಿ ಬದುಕುತ್ತವೋ, ಅವೇ ಹೊಳೆಯಲ್ಲಿ ಸೋಲುತ್ತವೆ.

ಹಾಗಾಗಿ ಬ್ರೂಡ್‌ಸ್ಟಾಕ್ ಅಂದರೆ ಕಾಡು ಮೀನನ್ನು ಉಳಿಸುವ ಕೆಲಸ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೊಟ್ಟೆಗಾಗಿ ಹೊಳೆಯಿಂದ ಒಂದಷ್ಟು ಕಾಡು ಮೀನು ತೆಗೆದಿರುತ್ತೇವೆ, ಅದು ಖರ್ಚಿನ ಕಡೆಗೆ ಬರೆಯಬೇಕಾದ ಲೆಕ್ಕ. ದೂರದ ಹೊಳೆಯ ಹಳೆಯ ತಳಿ ತಂದು ಸುರಿಯುವುದಕ್ಕಿಂತ ಇದು ಮೇಲು, ಅಷ್ಟು ಒಪ್ಪುತ್ತೇನೆ. ಗೈಡುಗಳು ನನ್ನ ಜೊತೆ ಇಲ್ಲಿ ಜಗಳಕ್ಕೆ ಬರಬಹುದು.

ಇದಕ್ಕೂ ನಮ್ಮ ಊರಿನ ಕಾವೇರಿಗೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಸಂಬಂಧ ಇದೆ. ಹೋದ ಶತಮಾನದ ಕೊನೆಯ ದಶಕಗಳಲ್ಲಿ ಕಾವೇರಿಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಮರಿಗಳು ಲೋನಾವಳದ ಟಾಟಾ ಹ್ಯಾಚರಿಯಿಂದ ಬಂದವು. ಅದು ಟಾರ್ ಖುದ್ರೀ. ಕಾವೇರಿಯ ಸ್ವಂತ ಮೀನು ಕಿತ್ತಳೆ ರೆಕ್ಕೆಯ, ಗೂನು ಬೆನ್ನಿನ ಮಹಶೀರ್. ಅದಕ್ಕೆ ಟಾರ್ ರೇಮಾದೇವಿ ಅನ್ನುವ ಹೆಸರು ಗಟ್ಟಿಯಾದದ್ದೇ 2018ರಲ್ಲಿ, ಆ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಕಾವೇರಿ ದಂಡೆಯ ಗಾಲಿಬೋರೆಯಲ್ಲಿ ಗಾಳದವರು ಹಿಡಿದು ಬಿಟ್ಟ ಮೀನಿನ ಲೆಕ್ಕ 1998ರಿಂದ 2012ರವರೆಗೆ ಬರೆದಿಟ್ಟಿದ್ದರು. ನೀಲಿ ರೆಕ್ಕೆ ಏರಿದ್ದು, ಕಿತ್ತಳೆ ರೆಕ್ಕೆ ಇಳಿದದ್ದು ಕಂಡದ್ದು ಆ ಲೆಕ್ಕದಿಂದಲೇ. ಅಲ್ಲಿ ಎರಡು ಬೇರೆ ಬೇರೆ ಜಾತಿ, ಅದಕ್ಕೇ ಬಣ್ಣ ಕೆಲಸಕ್ಕೆ ಬಂತು. ಇಲ್ಲಿ ಒಂದೇ ಹೊಳೆಯ ಒಂದೇ ಮನೆತನ, ಅದಕ್ಕೇ ಕತ್ತರಿ ಬೇಕಾಯಿತು.

ಕೊನೆಯದಾಗಿ ಒಬ್ಬರು ಕೇಳಿದ್ದು ಬಹಳ ಮುಖ್ಯ. "ಮ್ಯಾಕ್ಸಿಲರಿ ಕ್ಲಿಪ್ ಇರುವ ಮೀನು ಇಷ್ಟು ಚೆನ್ನಾಗಿದೆ, ಕಾಡು ರಕ್ತ ಬೇರೆ. ಪಾಪ ಅಂತ ಬಿಟ್ಟರೆ ಒಳ್ಳೆಯದಲ್ವಾ?" ಬೇಡ. ಹೊಳೆಯಲ್ಲಿ ಅವಕಾಶ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಅದನ್ನು ಸಾಕಿದ್ದು ನಿಮ್ಮ ಅಡುಗೆಮನೆಗೆ. ಬಿಟ್ಟರೆ ಅದು ಮೊಟ್ಟೆ ಇಡುವ ಜಾಗಕ್ಕೆ ಹೋಗಿ ಕಾಡು ಮೀನಿನ ಜೊತೆ ಕೂಡುತ್ತದೆ, ಹುಡ್ ರಿವರ್‌ನ ಕಥೆ ಅಲ್ಲಿ ಮತ್ತೆ ಶುರುವಾಗುತ್ತದೆ. ಹಿಡಿದ ಕೂಡಲೇ, ದಡದಲ್ಲೇ, ನಿಮ್ಮ ಟ್ಯಾಗಿನಲ್ಲಿ (ಹಿಡಿದ ಮೀನಿನ ಲೆಕ್ಕ ಬರೆಯುವ, ಲೈಸೆನ್ಸಿನ ಜೊತೆಯ ಚೀಟಿಯಲ್ಲಿ) ದಾಖಲಿಸಿ. ದೋಣಿ ಇಳಿಸುವಲ್ಲಿ ಇಲಾಖೆಯ ಹುಡುಗ ಹುಡುಗಿಯರು ರಟ್ಟಿನ ಹಲಗೆ ಹಿಡಿದು ನಿಂತಿದ್ದರೆ ಓಡಿಹೋಗಬೇಡಿ. ಅಡಿಪೋಸ್ ಇಲ್ಲ, ಎಡ ಮ್ಯಾಕ್ಸಿಲರಿ ಗಿಡ್ಡ, ಇಂಥ ತಿರುವಿನಲ್ಲಿ ಸಿಕ್ಕಿತು ಅಂತ ಹೇಳಿ. ಬಿಟ್ಟ ಮರಿಗಳಲ್ಲಿ ಎಷ್ಟು ವಾಪಸ್ ಬಂದು ಗಾಳಕ್ಕೆ ಸಿಕ್ಕವು ಅನ್ನುವ ಲೆಕ್ಕಕ್ಕೆ ಅವರು ನಂಬಿರುವುದು ನಿಮ್ಮ ಆ ಮಾತನ್ನು.